ಗೋಶಾಲೆಯ ಹುಗ್ಗಿ

ರಾಯಚೂರಿನ ಹೊರಗಿರುವ ಆ ಗೋಶಾಲೆಯ ಕಚೇರಿಯಲ್ಲಿ ಇವತ್ತಿಗೂ ನನ್ನದೊಂದು ಫೋಟೋ ಇದೆ. ಹೆಗಲ ಮೇಲೆ ಶಾಲು, ಕೈಯಲ್ಲಿ ಬಾಳೆಹಣ್ಣಿನ ಬುಟ್ಟಿ, ಪಕ್ಕದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತ ಒಂದು ಆಕಳು. ನೋಡಿದವರು ಇವರು ಯಾರೋ ದೊಡ್ಡ ಮನುಷ್ಯರು ಅಂದುಕೊಳ್ಳಬೇಕು, ಹಾಗೆ ಬಂದಿದೆ. ಅದನ್ನು ತೆಗೆಸಿ ಎಂದು ಎರಡು ಸಲ ಹೇಳಿದೆ. "ಇರ್ಲಿ ಬಿಡ್ರಿ ಸರ, ನಿಮ್ಮಂಥವರದು ಇದ್ರ ನಮಗೂ ಒಂದು ಗೌರವ" ಎಂದರು. ಮೂರನೆಯ ಸಲ ಹೇಳುವುದಕ್ಕೆ ನಾನು ಅಲ್ಲಿಗೆ ಹೋಗಲಿಲ್ಲ.

ನಾನು ಡಾಕ್ಟರಲ್ಲ. ಪಶು ಇಲಾಖೆಯಲ್ಲಿ ಪರಿವೀಕ್ಷಕನಾಗಿದ್ದವನು. ಲಸಿಕೆಯ ಡಬ್ಬಿ ಹಿಡಿದು ಊರೂರು ತಿರುಗುವುದು, ಕರು ಅಡ್ಡ ಸಿಕ್ಕಿಕೊಂಡರೆ ತೋಳುದ್ದ ಕೈ ಹಾಕಿ ಎಳೆಯುವುದು, ಇದೇ ನನ್ನ ಕೆಲಸ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಒಂದಷ್ಟು ವರ್ಷ, ಆಮೇಲೆ ದೇವದುರ್ಗದ ಕಡೆ ಅರಕೇರಾದಲ್ಲಿ ಬಹಳ ವರ್ಷ. ಹಳ್ಳಿಯಲ್ಲಿ ಸಿರಿಂಜು ಹಿಡಿದವರೆಲ್ಲ ಡಾಕ್ಟರೇ. ನಾನೂ ತಿದ್ದಲು ಹೋಗಲಿಲ್ಲ. ಹಾಗೆ ಕರೆಸಿಕೊಳ್ಳುವುದು ಯಾರಿಗೆ ಬೇಡ?

ನಿವೃತ್ತನಾಗಿ ರಾಯಚೂರಿನಲ್ಲಿ ಮನೆ ಮಾಡಿದ ಮೇಲೆ ಬೆಳಗಿನ ಹೊತ್ತು ಏನು ಮಾಡುವುದೆಂದು ತಿಳಿಯದಾಯಿತು. ಎದ್ದು ಸ್ನಾನ ಮಾಡಿ, ಪೇಪರನ್ನು ಎರಡೆರಡು ಸಲ ಓದಿ, ಅಡುಗೆಮನೆಗೆ ಹೋಗಿ ಬೈಸಿಕೊಂಡು ಬರುತ್ತಿದ್ದೆ. "ಎಲ್ಲ್ಯಾರ ಒಂದು ಎಮ್ಮಿ ನೋಡಿ ಬರ್ರಿ, ನಿಮಗ ಮನುಷ್ಯರ ಕೂಡ ಇದ್ದು ರೂಢಿ ಇಲ್ಲ" ಎಂದಳು ನನ್ನ ಹೆಂಡತಿ. ಅದೇ ಸಮಯಕ್ಕೆ ಗೋಶಾಲೆಯ ಕಮಿಟಿಯವರು ಬಂದರು. ದಿನಾ ಒಂದು ತಾಸು ಬಂದು ದನಗಳನ್ನು ನೋಡಿ ಹೋಗಿ, ಸಂಬಳ ಕೊಡುವ ಶಕ್ತಿ ನಮಗಿಲ್ಲ, ಗೌರವ ಕೊಡುತ್ತೇವೆ ಎಂದರು. ಗೌರವ ಎಂದ ಕೂಡಲೇ ನಾನು ಹ್ಞೂಂ ಅಂದುಬಿಟ್ಟೆ.

ಅಲ್ಲಿ ಒಳ್ಳೆಯ ಕೆಲಸ ನಡೆಯುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಲಾರಿ ಬಡಿದು ಕಾಲು ಮುರಿದ ಕರುಗಳು ಅಲ್ಲಿ ಎದ್ದು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಂತೆಯಲ್ಲಿ ಯಾರಿಗೂ ಬೇಡವಾದ ಮುದಿ ಎತ್ತು, ಬರಡು ಆಕಳು, ಪೇಟೆಯ ತಿಪ್ಪೆಯಲ್ಲಿ ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿದವು, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ತಗಡಿನ ನೆರಳು, ಮೇವು ಹಾಕುವ ಸಿಮೆಂಟಿನ ದೋಣಿ, ತುಂಬಿ ಹರಿಯುವ ನೀರಿನ ತೊಟ್ಟಿ. ರಾಯಚೂರಿನ ಬಿಸಿಲಿನಲ್ಲಿ ಇಷ್ಟಾದರೂ ಇತ್ತಲ್ಲ ಎಂದೇ ನಾನೂ ಹಿಗ್ಗುತ್ತಿದ್ದೆ.

ತೊಂದರೆ ಇದ್ದದ್ದು ಮೇವಿನಲ್ಲಿ. ಒಣ ಕಣಿಕೆ ತಂದು ಹಾಕುವ ದಾನಿ ನಮಗೆ ಸಿಗುತ್ತಿರಲಿಲ್ಲ. ಜೋಳದ ಸೊಪ್ಪೆಯ ಹೊರೆ ಇಳಿಸಿ ಹೋದರೆ ಅದರಲ್ಲಿ ಯಾರಿಗೆ ಏನು ಖುಷಿ? ಬಂದವರೆಲ್ಲ ತಮ್ಮ ಕೈಯಾರೆ ತಿನ್ನಿಸಬೇಕು, ತಿನ್ನುವುದನ್ನು ಕಣ್ಣಾರೆ ನೋಡಬೇಕು, ಮೊಬೈಲಿನಲ್ಲಿ ಹಿಡಿದು ಬಳಗಕ್ಕೆಲ್ಲ ಕಳಿಸಬೇಕು. ಹುಟ್ಟಿದ ದಿನಕ್ಕೆ ಕೇಕು ತಂದವರೂ ಇದ್ದರು. ಹೋಳಿಗೆ, ಅನ್ನ, ಬೆಲ್ಲದ ಉಂಡೆ, ಮದುವೆಯಲ್ಲಿ ಉಳಿದ ಬೂಂದಿ. ಎಲ್ಲಕ್ಕಿಂತ ಹೆಚ್ಚು ಹಿರಿಯರ ತಿಥಿಯ ಎಡೆ. ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಮೊದಲ ಎಡೆ ದನಕ್ಕೆ ಇಟ್ಟು, ಅದು ತಿಂದ ಮೇಲೆಯೇ ಮನೆಯವರು ಊಟಕ್ಕೆ ಕೂಡುವುದು. ದನ ಬಾಯಿ ಹಾಕಿತು ಎಂದರೆ ಹಿರಿಯರು ಉಂಡರು ಎಂದು ಅರ್ಥ.

ಒಮ್ಮೆ ಬಟ್ಟೆ ಅಂಗಡಿಯವರೊಬ್ಬರ ಮನೆಮಂದಿ ತಂದೆಯ ಎಡೆ ತಂದರು. ಆಗತಾನೆ ಮೇವು ಮುಗಿಸಿ ನೆರಳಲ್ಲಿ ಮೆಲುಕು ಹಾಕುತ್ತಿದ್ದ ದನಗಳು ಅದನ್ನು ಮೂಸಿ ಮುಖ ತಿರುಗಿಸಿದವು. ಒಂದಲ್ಲ, ಸಾಲಿಗೆ ಸಾಲು. ಆ ಮನೆಯ ಮಗಳು ಅಲ್ಲೇ ಸೆಗಣಿ ನೆಲದ ಮೇಲೆ ಕುಸಿದು ಕೂತು, "ಯಪ್ಪಾ ಸಿಟ್ಟಾಗ್ಯಾನ, ನಾವು ಕಡೀಗಾಲಕ್ಕ ನೋಡಲಿಲ್ಲ ಅಂತ ಸಿಟ್ಟಾಗ್ಯಾನ" ಎಂದು ಅಳಲು ಶುರುಮಾಡಿದಳು. ಅವರು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಗೋಶಾಲೆಯ ಮ್ಯಾನೇಜರು ಚುರುಕು ಮನುಷ್ಯ, ಅದರಿಂದ ಒಂದು ಪಾಠ ಕಲಿತ. ಮರುವಾರದಿಂದ ಒಂದು ಪದ್ಧತಿ ಜಾರಿಗೆ ಬಂತು. ಎಡೆ ಬರುವುದೆಂದು ಗೊತ್ತಾದರೆ ಹಿಂದಿನ ದಿನ ಮಧ್ಯಾಹ್ನದಿಂದಲೇ ದನಗಳಿಗೆ ಮೇವು ಬಂದ್. ಹಸಿದ ದನ ಏನು ಕೊಟ್ಟರೂ ಮುಗಿಬಿದ್ದು ತಿನ್ನುತ್ತದೆ, ದಾನಿಯ ಕಣ್ಣಲ್ಲಿ ನೀರು ಬರುತ್ತದೆ.

ನಾನು ಕೇಳಿದೆ. ಕೇಳಲಿಲ್ಲ ಎಂದೇನಿಲ್ಲ. "ಇದು ಸರಿಯಲ್ಲಪ್ಪ, ಖಾಲಿ ಹೊಟ್ಟಿಗೆ ಅಂಥದು ಹಾಕಬಾರದು" ಎಂದೆ.

"ಒಂದು ಹೊತ್ತಲ್ಲೇನ್ರಿ ಸರ. ಶಿವರಾತ್ರಿ ದಿನ ನಾವೂ ಉಪಾಸ ಇರ್ತೀವಿ, ಸತ್ತೀವೇನ್ರಿ?" ಎಂದ.

ನಾನು ನಕ್ಕೆ. ಅವನು ನನಗೆ ಚಹಾ ತರಿಸಿದ. ನಾಲ್ಕು ಸಲ, ಆರು ಸಲ ಹಾಗೆಯೇ ನಡೆಯಿತು. ಒಂದೆರಡು ದನ ಭೇದಿ ಮಾಡಿಕೊಂಡವು, ಅಡುಗೆ ಸೋಡಾ ಕಲಸಿ ಕುಡಿಸಿದೆ, ಚೇತರಿಸಿಕೊಂಡವು. ಒಂದು ಮುದಿ ಆಕಳು ಚೇತರಿಸಿಕೊಳ್ಳಲಿಲ್ಲ. ಸತ್ತ ದನಗಳನ್ನು ಬರೆದಿಡುವ ಪುಸ್ತಕದಲ್ಲಿ ಅದರ ಮುಂದೆ "ವಯಸ್ಸಾಗಿ" ಎಂದು ಬರೆದು ಸಹಿ ಮಾಡಿದವನು ನಾನೇ.

ಆ ಹೊತ್ತಿನಲ್ಲೇ ಅರಕೇರಾದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ಅವಳನ್ನು ನಾನು ಬಹಳ ವರ್ಷದಿಂದ ಬಲ್ಲೆ. ಗಂಡ ಸತ್ತ ಮೇಲೆ ಹೊಲ, ಕುರಿ, ಎತ್ತು ಎಲ್ಲವನ್ನೂ ತಾನೇ ನೋಡಿಕೊಂಡವಳು. ಎತ್ತಿಗೆ ನೀರು ಕುಡಿಸುವಾಗ ಗಂಡಸರ ಹಾಗೆ ಸಿಳ್ಳೆ ಹಾಕುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವಳು ಕೇಳಿಸಿಕೊಂಡೂ ಇನ್ನಷ್ಟು ಜೋರಾಗಿ ಹಾಕುತ್ತಿದ್ದಳು. ಆ ವರ್ಷ ಮಗ ಸೊಸೆಯ ಜೊತೆ ಅವಳೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಕುರಿ ತಮ್ಮನ ಹಿಂಡಿಗೆ ಸೇರಿದ್ದವು. ಉಳಿದದ್ದು ಒಂದು ಮುದಿ ಎತ್ತು. ಬಿಳಿ ಬಣ್ಣ, ಎಡಗೋಡು ಮೊಂಡು. ತಾಯಿ ಸತ್ತಿದ್ದರಿಂದ ಅದನ್ನು ಅವಳೇ ಬಾಟಲಿಯ ಹಾಲು ಕುಡಿಸಿ ಬೆಳೆಸಿದ್ದಳು. ಅದರ ಜೋಡಿ ಎತ್ತು ಸತ್ತು ಎರಡು ವರ್ಷವಾಗಿತ್ತು.

"ದೇವದುರ್ಗದ ಸಂತಿಗೆ ಹೊಡಿ ಅಂತಾರ್ರಿ ಎಲ್ಲಾರೂ" ಎಂದಳು. "ಸಂತ್ಯಾಗ ಇಂಥಾದನ್ನ ಯಾರು ಒಯ್ತಾರ, ಎಲ್ಲಿಗೆ ಒಯ್ತಾರ ಅನ್ನೋದು ನನಗ ಗೊತ್ತಿಲ್ಲೇನ್ರಿ? ನಿಮ್ಮ ಗೋಶಾಲಿ ಅದಂತಲ್ರಿ. ಉಗಾದಿ ತನಕ ಇಟಗೋರ್ರಿ. ಬಂದು ಒಯ್ತೀನಿ."

"ಗೋಶಾಲಿಗೆ ಬಿಟ್ಟ ಮ್ಯಾಲ ಮತ್ತ ಯಾಕ ಒಯ್ತಿ ಯವ್ವಾ? ಅಲ್ಲೇ ಇರ್ಲಿ, ಆರಾಮ ಇರ್ತದ."

"ಇಲ್ರಿ. ಅದರ ಜೋಡಿನ ನಮ್ಮ ಹೊಲದಾಗ ಮಣ್ಣು ಮಾಡೀವಿ. ಇದನ್ನೂ ಅಲ್ಲೇ ಮಾಡಬೇಕು. ಇನ್ನ ಒಂದು ವರ್ಷ ಇರ್ತದೋ ಎರಡು ವರ್ಷೋ, ನಮ್ಮ ಕೊಟಗ್ಯಾಗ ಇದ್ದು ಸಾಯ್ಲಿ. ಉಗಾದಿ ತನಕ ನೀವು ಜೀವ ಹಿಡಿದು ಕೊಟ್ರ ಸಾಕು."

"ನಾ ಅದೀನಿ, ನಡಿ" ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತಲ್ಲ ಅದು. ಆ ಎತ್ತಿಗೆ ವರ್ಷವರ್ಷ ಲಸಿಕೆ ಹಾಕಿದ ಕೈ ನನ್ನದು.

ದೀಪಾವಳಿ ಮುಗಿದ ವಾರದಲ್ಲಿ ಊರಿನ ಒಂದು ಗೂಡ್ಸ್ ಗಾಡಿಯಲ್ಲಿ ಎತ್ತು ಬಂತು. ಜೊತೆಗೆ ಅವಳೂ ಹಿಂದೆ ನಿಂತೇ ಬಂದಿದ್ದಳು. ಗೋಶಾಲೆಯ ಆಳುಗಳಿಗೆ ಅರ್ಧ ತಾಸು ಪಾಠ ಹೇಳಿದಳು: ಎಡಗಡೆಯಿಂದ ಹೋಗಬೇಡಿ, ಬೆದರುತ್ತದೆ, ಸಿಳ್ಳೆ ಹಾಕಿದರೆ ಮಾತ್ರ ಹೊಟ್ಟೆ ತುಂಬ ನೀರು ಕುಡಿಯುತ್ತದೆ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮ್ಯಾನೇಜರು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಹೋಗುವಾಗ ಅವಳು ಎತ್ತಿನ ಕಡೆ ತಿರುಗಿ ನೋಡಲಿಲ್ಲ, ನನ್ನ ಕಡೆ ನೋಡಿದಳು.

ಮೂರು ತಿಂಗಳು ಎತ್ತು ಚೆನ್ನಾಗಿಯೇ ಇತ್ತು. ನಾನು ದಿನಾ ಮೊದಲು ಅದರ ಹತ್ತಿರವೇ ಹೋಗುತ್ತಿದ್ದೆ. ಸಿಳ್ಳೆ ಹಾಕಲು ನಾಚಿಕೆಯಾಗಿ, ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹಾಕುತ್ತಿದ್ದೆ. ಮುಖ ಮುಳುಗಿಸಿ ಗುಟಗುಟ ಕುಡಿಯುತ್ತಿತ್ತು. ಅವಳು ಎಂಟು ದಿನಕ್ಕೊಮ್ಮೆ ಮಗನ ಫೋನಿನಿಂದ ಮಾತಾಡುತ್ತಿದ್ದಳು. "ಮೈ ಹಿಡಿದದೇನ್ರಿ?" ಎಂದು ಕೇಳುತ್ತಿದ್ದಳು. ಹಿಡಿದದ, ನೀನು ಬಂದರೆ ಗುರುತೇ ಹಿಡಿಯುವುದಿಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಫೋನು ಬಂತು. ದೊಡ್ಡ ಭಕ್ತರು, ಹಣೆತುಂಬ ವಿಭೂತಿ, ಇಂಥ ಕೆಲಸಕ್ಕೆ ಎಂದೂ ಕೈ ಹಿಂದೆ ತೆಗೆದವರಲ್ಲ. ಅವರನ್ನು ಕೆಟ್ಟವರೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಆದರೆ ಅವರು ಕೆಟ್ಟವರಲ್ಲ. ತಾಯಿ ತೀರಿಕೊಂಡು ವರ್ಷವಾಗಿತ್ತು. ಆಕೆಯ ತವರು ಚೀಕಲಪರ್ವಿ; ಹೊಳೆಯ ದಂಡೆಯಲ್ಲಿ ದನ ಮೇಯಿಸಿಕೊಂಡು ಬೆಳೆದವಳಂತೆ. "ನಮ್ಮವ್ವಗ ಗೋಧಿ ಹುಗ್ಗಿ ಅಂದ್ರ ಜೀವ ಇತ್ರಿ. ಗೋಶಾಲಿ ದನಕ್ಕೆಲ್ಲ ಹುಗ್ಗಿ ಹಾಕಿಸಬೇಕು ಅಂತ ಮಾಡೀನಿ. ನಡೀತದಲ್ರಿ ಡಾಕ್ಟ್ರ?" ಎಂದು ಕೇಳಿದರು.

ಕೇಳಿದರು. ಅದನ್ನು ನಾನು ಮರೆಯಬಾರದು. ಅಷ್ಟು ದಿನ ಬಂದ ದಾನಿಗಳಲ್ಲಿ ಕೇಳಿದವರು ಅವರೊಬ್ಬರೇ. ದನದ ಹೊಟ್ಟೆ ನಮ್ಮ ಹೊಟ್ಟೆಯಲ್ಲ ಸಾಹುಕಾರ್ರೇ, ಒಣ ಮೇವನ್ನು ನೆನೆಸಿ ಮೆಲುಕು ಹಾಕಿ ಕರಗಿಸುವ ಹೊಟ್ಟೆ ಅದು, ಬೇಯಿಸಿದ ಗೋಧಿ ಬೆಲ್ಲ ಒಮ್ಮೆಲೇ ಬಿದ್ದರೆ ಒಳಗೆಲ್ಲ ಹುಳಿಯಾಗಿ ವಿಷವಾಗುತ್ತದೆ, ಅದರ ಬದಲು ಎರಡು ಟ್ರ್ಯಾಕ್ಟರ್ ಕಣಿಕೆ ಹಾಕಿಸಿ, ನಿಮ್ಮ ತಾಯಿ ಎಲ್ಲಿದ್ದರೂ ತಣ್ಣಗಿರುತ್ತಾಳೆ. ಹೀಗೆ ಹೇಳಬೇಕಿತ್ತು. ಹೇಳಿದ್ದರೆ ಆ ಮನುಷ್ಯ ಕೇಳುತ್ತಿದ್ದರು. ಆದರೆ ಎದುರಿಗೆ ಮ್ಯಾನೇಜರು ಕೂತಿದ್ದ, ಕೈಸನ್ನೆ ಮಾಡುತ್ತಿದ್ದ. ಆ ಗಿರಣಿಯವರು ಹೊಸ ಶೆಡ್ ಕಟ್ಟಿಸಿಕೊಡುವ ಮಾತು ನಡೆದಿತ್ತು.

"ನಡೀತದ್ರಿ. ಸ್ವಲ್ಪ ಸ್ವಲ್ಪ ಹಾಕ್ರಿ" ಎಂದೆ.

ಸ್ವಲ್ಪ ಎಂದರೆ ಎಷ್ಟು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಥಿಯ ದಿನ ಎರಡು ಕೊಪ್ಪರಿಗೆ ಹುಗ್ಗಿ ಬಂತು. ತುಪ್ಪದ ಘಮ ರಸ್ತೆಯ ತನಕ ಹರಡಿತ್ತು. ಹಿಂದಿನ ಮಧ್ಯಾಹ್ನದಿಂದ ಹಸಿದಿದ್ದ ದನಗಳು ಹಗ್ಗ ಜಗ್ಗಿ ಕೂಗುತ್ತಿದ್ದವು. "ನೋಡ್ರಿ, ಅವ್ವ ಬಂದಾಳ ಅಂತ ಗೊತ್ತಾಗ್ಯದ ಅವಕ್ಕ" ಎಂದು ಸಾಹುಕಾರರ ಅಕ್ಕ ಕಣ್ಣೊರೆಸಿಕೊಂಡಳು. ಬುಟ್ಟಿ ಬುಟ್ಟಿ ಸುರಿದರು. ಬಲವಾದವು ಪಕ್ಕದ ದೋಣಿಗೂ ಬಾಯಿ ಹಾಕಿದವು. ಅರಕೇರಾದ ಎತ್ತು ಮೊದಲು ಮೂಸಿ ಹಿಂದೆ ಸರಿಯಿತು. ಸಾಹುಕಾರರು ಅದರ ಮೂತಿಗೇ ಒಂದು ಮುದ್ದೆ ಹಿಡಿದರು. ನಾಲಿಗೆಗೆ ಬೆಲ್ಲ ಹತ್ತಿತು. ಆಮೇಲೆ ಅದು ತಲೆ ಎತ್ತಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದೆ. ಶಾಲು ಹೊದಿಸಿ ಬಾಳೆಹಣ್ಣಿನ ಬುಟ್ಟಿ ಕೊಡಲು ನನ್ನನ್ನು ಕರೆದರು, ಹೋದೆ. ಆ ಫೋಟೋ ಅವತ್ತಿನದೇ.

ಸಂಜೆಗೆ ಹನ್ನೊಂದು ದನ ಮೆಲುಕು ನಿಲ್ಲಿಸಿದ್ದವು. ಮರುದಿನ ಬೆಳಗ್ಗೆ ನಾನು ಹೋದಾಗ ಕೆಲವು ಮಲಗಿದ್ದವು. ಹಲ್ಲು ಕಡಿಯುವ ಸದ್ದು, ಹುಳಿ ವಾಸನೆಯ ಭೇದಿ. ಎತ್ತು ಗೋಡೆಗೆ ಒರಗಿ ನಿಂತಿತ್ತು. ಅದರ ಕಣ್ಣು ಒಳಗೆ ಹೋಗಿದ್ದವು. ಸೋಡಾ ಕಲಸಿ ಕುಡಿಸಿದೆ, ಎಣ್ಣೆ ಕುಡಿಸಿದೆ, ಇದ್ದಬದ್ದ ಇಂಜೆಕ್ಷನ್ ಚುಚ್ಚಿದೆ. ಇದು ನನ್ನ ಕೈ ಮೀರಿದ ಕೆಲಸ ಎಂದು ನನಗೆ ಗೊತ್ತಿತ್ತು. ಸರಕಾರಿ ಡಾಕ್ಟರನ್ನು ಕರೆಸಿ ಹೊಟ್ಟೆ ಕೊಯ್ದು ಆ ಹುಗ್ಗಿ ಹೊರಗೆ ತೆಗೆಸಿದ್ದರೆ ಒಂದೆರಡಾದರೂ ಉಳಿಯುತ್ತಿದ್ದವು. ಫೋನು ಕೈಗೆ ತೆಗೆದುಕೊಂಡೆ ಕೂಡ.

"ಸರ, ವಿಚಾರ ಮಾಡ್ರಿ" ಎಂದ ಮ್ಯಾನೇಜರು. "ದೊಡ್ಡ ಡಾಕ್ಟರು ಬಂದ್ರ ಬರದು ಹಾಕ್ತಾರ. ಪೇಪರಿನಾಗ ಬರ್ತದ. ಸಾಹುಕಾರ್ರ ತಾಯಿ ಎಡಿಯಿಂದ ದನ ಸತ್ವು ಅಂದ್ರ ಅವ್ರ ಮನಿ ಪರಿಸ್ಥಿತಿ ಏನ್ರಿ? ನಾಳಿಂದ ಈ ಬಾಗಲಕ್ಕ ಯಾರು ಬರ್ತಾರ? ಉಳಿದ ದನಕ್ಕ ಮೇವು ಯಾರು ಹಾಕ್ತಾರ?"

ನಾನು ಫೋನು ಜೇಬಿಗೆ ಹಾಕಿದೆ. ಉಳಿದ ದನಗಳ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಡಾಕ್ಟರು ಬಂದರೆ ಮೊದಲು ಕೇಳುವ ಪ್ರಶ್ನೆ, ಹಾಕಲು ಒಪ್ಪಿಗೆ ಕೊಟ್ಟವರು ಯಾರು ಎಂದು. ನನಗೆ ಹೆದರಿಕೆ ಇದ್ದದ್ದು ಅದಕ್ಕೆ.

ಮಧ್ಯಾಹ್ನದ ಹೊತ್ತಿಗೆ ಎತ್ತು ಮಲಗಿತು. ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಂಡು ಮಲಗಿದ ದನ ಏಳುವುದು ಕಡಿಮೆ. ಬಕೆಟಿನಲ್ಲಿ ನೀರು ತಂದು ಮುಂದಿಟ್ಟು, ಆಳುಗಳೆಲ್ಲ ನೋಡುತ್ತಿದ್ದಂತೆಯೇ ಸಿಳ್ಳೆ ಹಾಕಿದೆ. ಕಿವಿ ಆಡಿತು. ಮೂತಿ ನೀರಿಗೆ ತಾಗಿಸಿತು. ಕುಡಿಯಲಿಲ್ಲ. ಮತ್ತೆ ಮತ್ತೆ ಹಾಕಿದೆ, ತುಟಿ ಒಣಗಿ ಸಿಳ್ಳೆ ಬರದಾಯಿತು. ಅವತ್ತು ನನಗೆ ಅಳು ಬಂತು, ಆದರೆ ಅದನ್ನು ದೊಡ್ಡದು ಮಾಡಿ ಹೇಳುವ ಹಕ್ಕು ನನಗಿಲ್ಲ.

ಮೂರನೆಯ ಬೆಳಗ್ಗೆ ಹೋದಾಗ ಅದು ಸತ್ತಿತ್ತು, ಜೊತೆಗೆ ಇನ್ನೂ ಮೂರು. ಉಳಿದ ಏಳು ಹೇಗೋ ಎದ್ದು ನಿಂತಿದ್ದವು. ಜೆಸಿಬಿ ತರಿಸಿ ಹಿಂದಿನ ಬಯಲಿನಲ್ಲಿ ಒಂದೇ ಗುಂಡಿ ತೋಡಿಸಿದರು. ಅರಿಸಿನ ಕುಂಕುಮ ಹಾಕಿ, ಉಪ್ಪು ಸುರಿದು, ಕಾಯಿ ಒಡೆದರು. ಅದನ್ನೂ ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ಪುಸ್ತಕದಲ್ಲಿ ನಾಲ್ಕೂ ಸಾಲಿನ ಮುಂದೆ ನಾನು "ವಯಸ್ಸಾಗಿ" ಎಂದೇ ಬರೆದೆ. ಅವಳ ಫೋನು ಬಂದಾಗ ಮೈ ಹಿಡಿದದ ಎಂದು ಹೇಳಲು ಬಾಯಿ ಬರಲಿಲ್ಲ; ಫೋನು ಎತ್ತುವುದನ್ನೇ ಬಿಟ್ಟೆ.

ಉಗಾದಿಗೆ ಎರಡು ದಿನ ಇರುವಾಗ ಅವಳು ಬಂದಳು. ಹೈದರಾಬಾದಿನ ಬಸ್ಸಿಳಿದು ಮನೆಗೂ ಹೋಗದೆ ನೇರ ಗೋಶಾಲೆಗೇ ಬಂದಿದ್ದಳು. ಊರಿಂದ ಅದೇ ಗೂಡ್ಸ್ ಗಾಡಿಯನ್ನು ತರಿಸಿಕೊಂಡಿದ್ದಳು. ಹಿಂದೆ ಎತ್ತಿಗೆ ಜಾರಬಾರದೆಂದು ದಪ್ಪಗೆ ಹುಲ್ಲು ಹಾಸಿಸಿದ್ದಳು. ಮ್ಯಾನೇಜರು ನನಗೆ ಫೋನು ಮಾಡಿ ಕರೆಸಿದ. ಪರಿಚಯದವರು ನೀವೇ ಹೇಳಿ ಎಂದ.

"ಕೂಡು ಯವ್ವಾ" ಎಂದೆ.

"ಕೂಡಂಗಿಲ್ರಿ, ಗಾಡಿಯವ ನಿಂತಾನ. ಫೋನ್ ಎತ್ತದಿದ್ರೂ ನೀವು ಅದೀರಿ ಅಂತ ನಂಬಿ ಬಂದೀನಿ. ಎಲ್ಲಿ ಕಟ್ಟೀರಿ? ಮೊದ್ಲಿನ ಜಾಗದಾಗ ಇಲ್ಲಲ್ಲ."

"ವಯಸ್ಸಾಗಿತ್ತಲ್ಲವ್ವಾ. ಸಂಕ್ರಾಂತಿ ಆದ ಮ್ಯಾಲ ಹೋತು."

ಅವಳು ಗಾಡಿಯವನಿಗೆ ಇರು ಎಂದು ಕೈ ಮಾಡಿದಳು. ಆಮೇಲೆ ಕೇಳಿದಳು: "ಮೇವು ಬಿಟ್ಟಿತ್ತೇನ್ರಿ?"

"ಇಲ್ಲ."

"ಮುಪ್ಪಿನಿಂದ ಸಾಯೋ ದನ ಮೊದ್ಲು ಮೇವು ಬಿಡ್ತದ. ತಿಂಗಳುಗಟ್ಟಲೆ ಸೊರಗ್ತದ. ಏನು ತಿಂದಿತ್ತು ಹೇಳ್ರಿ."

ಸುಳ್ಳು ಹೇಳುವುದಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. ಆದರೆ ಅವಳು ಕೇಳಿದ ರೀತಿ ನೋಡಿ, ಇವಳ ಮುಂದೆ ಇದು ನಡೆಯುವುದಿಲ್ಲ ಎನ್ನಿಸಿತು. "ಹುಗ್ಗಿ" ಎಂದೆ. ಹಿಂದಿನ ದಿನ ಮೇವು ನಿಲ್ಲಿಸಿದ್ದನ್ನೂ ಹೇಳಿದೆ.

"ಕಣದಾಗ ತೆನಿ ತುಳಿಸಾಕ ಹಂತಿ ಹೊಡಿಯಾಗ ನಾವು ಎತ್ತಿನ ಬಾಯಿ ಯಾಕ ಕಟ್ತೀವ್ರಿ?" ಎಂದಳು. ದನಿ ಏರಿಸಲಿಲ್ಲ. "ನಾಕು ಕಾಳು ತಿಂದ್ರ ಲುಕ್ಸಾನ ಅಂತಲ್ಲ. ಕಾಳು ತಿಂದು ಸಾಯಬಾರದು ಅಂತ. ನೀವ ಅಲ್ಲೇನ್ರಿ ನಮ್ಮೂರಾಗ ಮನಿಮನಿಗೆ ಬಂದು, ರಾಶಿ ಹತ್ರ ದನ ಬಿಡಬ್ಯಾಡ್ರಿ, ಹೊಟ್ಟಿ ಹುಳಿ ಆಗ್ತದ ಅಂತ ಹೇಳಿದವರು? ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

ಮ್ಯಾನೇಜರು ನಡುವೆ ಬಾಯಿ ಹಾಕಿದ. "ಬ್ಯಾಸರ ಮಾಡ್ಕೋಬ್ಯಾಡವ್ವಾ. ಇಲ್ಲಿ ಬೇಕಾದಷ್ಟು ಎತ್ತು ಅದಾವ, ಯಾವುದಾರ ಒಂದು ಒಯ್ಯಿ." ಅವಳು ಅವನ ಕಡೆ ನೋಡಲೇ ಇಲ್ಲ. ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ಕೇಳಿದಳು. ಹಿಂದಿನ ಬಯಲಿಗೆ ಕರೆದುಕೊಂಡು ಹೋದೆ. ಆ ಬಯಲಿನಲ್ಲಿ ಅಷ್ಟರಲ್ಲಿ ಇನ್ನೂ ಎರಡು ಮೂರು ಗುಂಡಿ ತೋಡಿ ಮುಚ್ಚಿದ್ದರು. ನಮ್ಮದು ಯಾವುದೆಂದು ನಾನು ಅಂದಾಜಿನಲ್ಲಿ ಕೈ ತೋರಿಸಿದೆ. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು, ಮತ್ತೆ ನನ್ನ ಮುಖ ನೋಡಿ, ಇದೇ ಹೌದೋ ಅಲ್ಲವೋ ಎಂದು ನನಗೂ ಖಾತ್ರಿಯಿಲ್ಲ ಎನ್ನುವುದು ತಿಳಿದು, ಅಲ್ಲೇ ಚೆಲ್ಲಿದಳು.

ಗಾಡಿಯವನು ಮುಂದೆ ಬಂದು ಕೂಡು ಎಂದು ಕರೆದ. ಅವಳು ಹಿಂದೆ ಹತ್ತಿ, ಎತ್ತಿಗೆ ಹಾಸಿದ್ದ ಹುಲ್ಲಿನ ಮೇಲೆ ಕೂತಳು. ಗಾಡಿ ಚಾಲೂ ಆಯಿತು. ಅಲ್ಲಿಂದಲೇ ನನ್ನನ್ನು ಕೇಳಿದಳು:

"ಸಂತಿಗೆ ಹೊಡದಿದ್ರ ಕಟುಕನ ಕೈಯಾಗ ಒಂದು ಗಳಿಗಿ ಕೆಲಸ ಇತ್ರಿ. ಇಲ್ಲಿ ಎಷ್ಟೊತ್ತು ಹಿಡೀತು?"

"ಎರಡು ದಿನ" ಎಂದೆ.